ಗೋಡೆಯಾಚೆಗೊಂದು ಟೀಬಿ

ಪಕ್ಕದ ಮನೆಯವರ ಮಾತನ್ನು ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ಸ್ವಂತ ಖರ್ಚಿನಲ್ಲಿ ಬೇಯಿಸಿ, ಬೀದಿಗೆಲ್ಲ ಬಡಿಸಿದವರಲ್ಲಿ ತಾವೂ ಒಬ್ಬರಲ್ಲವೇ? ತಲೆ ತಗ್ಗಿಸಬೇಡಿ, ಉತ್ತರ ಕೊಡಿ. ‘ನಾನು ಅಂಥವನಲ್ಲ’ ಎಂದು ಎದೆ ತಟ್ಟಿಕೊಳ್ಳುವವರು ಈ ಕೆಳಗಿನ ವೃತ್ತಾಂತವನ್ನು ಎರಡು ಸಲ ಓದತಕ್ಕದ್ದು. ‘ಹೌದು’ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕರಿಗೆ ಒಂದು ಸಲ ಸಾಕು.

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರಾಗಿ ಸೇವೆ ಸಲ್ಲಿಸಿದ ಮೃತ್ಯುಂಜಯಪ್ಪನವರನ್ನು ಆ ಊರಿನಲ್ಲಿ ನೋಡದವರಿರಬಹುದು, ಕೇಳದವರಿಲ್ಲ. ‘ಪ್ರಯಾಣಿಕರ ಗಮನಕ್ಕೆ!’ ಎಂದು ಅವರು ಒಮ್ಮೆ ಕೂಗಿದರೆ ಊಟಿಗೆ ಹೊರಟವರು ಮೈಸೂರಿನ ಬಸ್ಸಿನಿಂದ ತಾವಾಗಿಯೇ ಇಳಿಯುತ್ತಿದ್ದರು. ಒಂದು ವರ್ಷವಿಡೀ ನಿಲ್ದಾಣದ ಮೈಕು ಕೆಟ್ಟು ಕೂತಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ವಯಸ್ಸಾಯಿತೆಂದು ಸರ್ಕಾರ ಅವರನ್ನು ನಿವೃತ್ತಿಗೊಳಿಸಿತು. ಗಂಟಲನ್ನು ನಿವೃತ್ತಿಗೊಳಿಸುವುದನ್ನು ಮರೆಯಿತು.

ಕೆಲಸವಿಲ್ಲದ ಗಂಟಲು ಸುಮ್ಮನಿದ್ದೀತೇ? ಮೃತ್ಯುಂಜಯಪ್ಪನವರು ಆತ್ಮಕಥೆ ಬರೆಯತೊಡಗಿದರು. ಹೆಸರು ‘ಪ್ರಯಾಣಿಕರ ಗಮನಕ್ಕೆ’. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದೇ ಅಕ್ಷರವನ್ನು ಕೋಳಿ ಕಾಳು ಹೆಕ್ಕುವಂತೆ ಕುಟ್ಟುವುದು. ಸಂಜೆ ಅಂದಿನ ಭಾಗವನ್ನು ಪತ್ನಿ ಚಿಕ್ಕಮಲ್ಲಮ್ಮನವರಿಗೆ ಗಟ್ಟಿಯಾಗಿ ಓದಿ ಹೇಳುವುದು. ಆಕೆ ಅವರೆಕಾಯಿ ಸುಲಿಯುತ್ತ ಅಲ್ಲಲ್ಲಿ ಗಂಡನ ಸತ್ಯವನ್ನೂ ಸುಲಿಯುತ್ತಿದ್ದರು. ಒಂದೇ ಇಟ್ಟಿಗೆಯ ಗೋಡೆಯಾಚೆ ವಾಸವಾಗಿದ್ದ ನೀಲಾವತಿ ಎಂಬ ಸಾಧ್ವಿಯು ಆ ವೇಳೆಗೆ ಸರಿಯಾಗಿ ತನ್ನ ಟಿವಿಯನ್ನು ಆರಿಸಿ ಗೋಡೆಗೆ ಒರಗಿ ಕೂರುತ್ತಿದ್ದಳು. ಧಾರಾವಾಹಿಯ ನಡುವೆ ಜಾಹೀರಾತು ಬರುತ್ತದೆ, ಇಲ್ಲಿ ಬರುವುದಿಲ್ಲ ಎಂಬುದು ಆಕೆಯ ವಾದ.

ಪುಸ್ತಕ ಮುಗಿಯಿತು. ನಿವೃತ್ತ ನೌಕರರ ಸಂಘದ ಅಧ್ಯಕ್ಷರು, ಭಾನುವಾರದೊಳಗೆ ಕೊಟ್ಟರೆ ವಾರ್ಷಿಕೋತ್ಸವಕ್ಕೆ ಅಚ್ಚು ಹಾಕಿಸುವುದಾಗಿ ಮಾತು ಕೊಟ್ಟರು. ಆದರೆ ಮೂರು ವಾರದಿಂದ ಕಂಪ್ಯೂಟರಿನ ಹೊಟ್ಟೆಯೊಳಗಿಂದ ‘ಕೊರ್ರ್… ಕಟಕ್… ಕೊರ್ರ್’ ಎಂಬ ನರಳಿಕೆ ಹೊರಡುತ್ತಿತ್ತು, ಸರಿಯಾಗಿ ಈಗಲೇ ಅದು ಜೋರಾಯಿತು. ಹಾರ್ಡ್ ಡಿಸ್ಕ್ ಸಾಯಲು ಸಿದ್ಧವಾಗಿತ್ತು. ಇಡೀ ಬದುಕು ಅದರೊಳಗಿತ್ತು, ಬೇರೆಲ್ಲಿಯೂ ಪ್ರತಿಯಿರಲಿಲ್ಲ.

ನಂಬಿಕಸ್ತವಾದ ಹೊಸದೊಂದನ್ನು ಆರಿಸಬೇಕೆಂದು ಅವರು ಹೆಣ್ಣು ಕೊಡುವವರು ಗಂಡಿನ ಕುಲಗೋತ್ರ ವಿಚಾರಿಸುವಂತೆ ಊರೆಲ್ಲ ವಿಚಾರಿಸಿದರು. ಡಿಸ್ಕುಗಳಲ್ಲಿ ಒಳಗೇ ತಿರುಗುವ ಜಾತಿಯೊಂದು, ತಿರುಗದೆ ಕೂತಲ್ಲೇ ಕೆಲಸ ಮಾಡುವ ಜಾತಿಯೊಂದು ಎಂಬುದು ತಿಳಿಯಿತು. ಯಾವುದು ಉತ್ತಮ? ‘ಕೂತು ಗಂಡು ಕೆಟ್ಟ, ತಿರುಗಿ ಹೆಣ್ಣು ಕೆಟ್ಟಳು’ ಎಂಬ ಗಾದೆಯನ್ನು ಅನ್ವಯಿಸಿ ನೋಡಿದರು. ಆದರೆ ವ್ಯಾಕರಣದ ಪ್ರಕಾರ ಹಾರ್ಡ್ ಡಿಸ್ಕ್ ನಪುಂಸಕಲಿಂಗವಾದ್ದರಿಂದ ಗಾದೆ ನೆರವಿಗೆ ಬರಲಿಲ್ಲ. ಕೊನೆಗೆ, ಚಿಕ್ಕಮಲ್ಲಮ್ಮನವರು ತವರೂರಾದ ಹಂಗಳಕ್ಕೆ ನಾಮಕರಣವೊಂದಕ್ಕೆ ಹೋಗಿದ್ದ ಸಂಜೆ, ಚಾಮರಾಜನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನಾಗೇಂದ್ರನಿಗೆ ಫೋನು ಮಾಡಿದರು. ಫೋನು ಮಾಡುವ ಅಗತ್ಯವೇನಿತ್ತು, ಆ ದನಿ ನೇರವಾಗಿಯೇ ಚಾಮರಾಜನಗರಕ್ಕೆ ಕೇಳಿಸುತ್ತಿರಲಿಲ್ಲವೇ ಎಂದು ತಾವು ಕುಹಕವಾಡಬಾರದು.

ಗೋಡೆಯಾಚೆ ನೀಲಾವತಿಗೆ ಕೇಳಿಸಿದ್ದು ಇಷ್ಟು:

“ಹಲೋ, ನಾಗೇಂದ್ರಾ? ನಾನಪ್ಪಾ, ಗುಂಡ್ಲುಪೇಟೆ ಮೃತ್ಯುಂಜಯ. ಹ್ಞೂಂ, ಒಳಗಿಂದ ಒಂದೇ ಸಮ ಕೊರಕೊರ ಅಂತದೆ. ಮೂರು ವಾರ ಆಯ್ತು. ಯಾವಾಗ ಪ್ರಾಣ ಹೋಗ್ತದೋ ಗೊತ್ತಿಲ್ಲ… ಏನು, ಟೀಬಿನಾ?… ನನ್ನಂಥೋನಿಗೆ ಒಂದು ಟೀಬಿ ಸಾಕು ಅಂತೀಯಾ?… ಒಳಗೇ ಇರ್ಲಿ ಕಣಪ್ಪ, ಆಚೆ ನೇತಾಡೋದು ಬೇಡ… ಎಷ್ಟು ವರ್ಷ? ಮೂರೇ ವರ್ಷವಾ! ಆಮೇಲೆ?… ದೇವರಿಗೆ ಬಿಟ್ಟದ್ದಾ!… ಏನಂದೆ? ಎರಡು ಇಟ್ಕೊಂಡ್ರೆ ಕ್ಷೇಮವಾ? ಛೀ ಛೀ! ಎರಡಿಟ್ಕೊಳೋ ವಂಶ ಅಲ್ಲ ಕಣಯ್ಯ ನಮ್ದು! ನಾಳೆ ಬತ್ತೀನಿ. ಅಲ್ಲೀತಂಕ ಉಳ್ಕೊಂಡ್ರೆ.”

ಟೀಬಿ ಎಂಬುದು ಕಂಪ್ಯೂಟರಿನವರ ಅಳತೆ. ಸೇರು, ಕೊಳಗ, ಖಂಡುಗ ಇದ್ದಂತೆ. ಸಾವಿರ ಜೀಬಿ ಸೇರಿದರೆ ಒಂದು ಟೀಬಿ. ಇದು ತಮಗೆ ಗೊತ್ತು, ನನಗೆ ಗೊತ್ತು. ನೀಲಾವತಿಗೆ ಗೊತ್ತಿದ್ದ ಟೀಬಿ ಕೆಮ್ಮಿಸುವಂಥದ್ದು, ಒಂದೇ.

ಮರುದಿನ ಮುಂಜಾನೆ ಬೀದಿಯ ಕೊಳಾಯಿಯ ಮುಂದೆ ಕೊಡಗಳು ತುಂಬಿ ಹರಿದರೂ ಯಾರೂ ಎತ್ತಲಿಲ್ಲ, ಎಲ್ಲರ ಕಿವಿಯೂ ನೀಲಾವತಿಯ ಕಡೆಗಿತ್ತು.

“ಮುರ್ತುಂಜಪ್ಪಾರ್ಗೆ ಟೀಬಿ ಬಂದ್ಬುಟ್ಟದಂತೆ ಕಣವ್ವ. ಚಾಮರಾಜನಗರದಲ್ಲಿ ನಾಗೇಂದ್ರ ಅಂತ ಡಾಕುಟ್ರಂತೆ. ಮೂರೊರ್ಸ ಅಂದವ್ರೆ. ಆಮ್ಯಾಕೆ ದೇವ್ರಿಗೆ ಬುಟ್ಟದ್ದು ಅಂತ ಕೈಯೆತ್ಬುಟ್ರು.”

“ಅಯ್ಯೋ ಸಿವ್ನೇ! ಮೊನ್ನೆ ಕಲ್ಲುಗುಂಡ್ನಂಗಿದ್ರಲ್ಲಾ!”

“ಇನ್ನೊಂದ್ ಅದೆ, ಯಾರ್ಗೂ ಯೋಳ್ಬ್ಯಾಡಿ. ಇನ್ನೊಬ್ಳ ಇಟ್ಕಂಡ್ರೆ ಕ್ಷೇಮ ಅಂತ ಡಾಕುಟ್ರೇ ಯೋಳವ್ರೆ. ಇವ್ರೇ ‘ಛೀ’ ಅಂದ್ಬುಟ್ರು. ಚಿಕ್ಕಮಲ್ಲಕ್ಕ ಪುಣ್ಯ ಮಾಡವ್ಳೆ ಬುಡು!”

‘ಯಾರಿಗೂ ಹೇಳಬೇಡಿ’ ಎಂಬ ಮುದ್ರೆ ಬಿದ್ದ ಸುದ್ದಿಗೆ ನಮ್ಮ ನಾಡಿನಲ್ಲಿ ಅಂಚೆಚೀಟಿ ಬೇಕಿಲ್ಲ. ಆ ಸುದ್ದಿ ಆಶಾ ಕಾರ್ಯಕರ್ತೆ ಲಕ್ಷ್ಮಿದೇವಿಗೆ ಮುಟ್ಟಿತು. ಬಸ್ ನಿಲ್ದಾಣಕ್ಕೆ ಮುಟ್ಟಿತು. ಅಲ್ಲಿಂದ ಮೊದಲ ಬಸ್ಸಿನಲ್ಲೇ ಕಿಟಕಿ ಪಕ್ಕದ ಸೀಟು ಹಿಡಿದು ಹಂಗಳಕ್ಕೆ ಹೋಯಿತು. ಉಮ್ಮತ್ತೂರಿನಲ್ಲಿದ್ದ ಮೃತ್ಯುಂಜಯಪ್ಪನವರ ಅಕ್ಕ ಚಿಕ್ಕಬಸಮ್ಮನಿಗೆ ನೀಲಾವತಿಯೇ ಖುದ್ದು ಫೋನು ಮಾಡಿದಳು. ದೊಡ್ಡವರಿಗೆ ಬೇರೆಯವರ ಬಾಯಿಂದ ತಿಳಿಯಬಾರದಲ್ಲ!

ಮೃತ್ಯುಂಜಯಪ್ಪನವರು ವಿಭೂತಿ ಧರಿಸಿ, ಚೀಲ ಹಿಡಿದು, ಹೊರಡುವ ಹೊತ್ತಿಗೆ ಲಕ್ಷ್ಮಿದೇವಿ ಗುಲಾಬಿ ಸೀರೆಯುಟ್ಟು, ಮುಖಕ್ಕೆ ಮಾಸ್ಕು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಸಾರ್, ಟೀಬಿ ವಿಚಾರ ಮಾತಾಡಕ್ಕೆ ಬಂದಿದ್ದೆ.”

“ಆಹಾ! ಮನೆ ಬಾಗಿಲಿಗೇ ಬರ್ತೀರಾ? ಏನಮ್ಮಾ ರೇಟು?”

“ರೇಟೇನೂ ಇಲ್ಲ ಸಾರ್. ಎಲ್ಲಾ ಸರ್ಕಾರದ್ದೇಯ, ಫ್ರೀ.”

“ಸರ್ಕಾರ ಟೀಬಿ ಫ್ರೀ ಕೊಡ್ತದಾ?” ಮೃತ್ಯುಂಜಯಪ್ಪನವರ ಕಣ್ಣಾಲಿಗಳು ತುಂಬಿ ಬಂದವು. “ಹಂಗಾದ್ರೆ ನಮ್ಮನೆಯವ್ರ ಹೆಸರಿಗೂ ಒಂದು ಬರ್ಕೊಳಮ್ಮ.”

ಲಕ್ಷ್ಮಿದೇವಿ ಬೆಚ್ಚಿದಳು. “ಅಕ್ಕಾರ್ಗೂ ಅದಾ? ಇರ್ಲಿ, ಒಂದೊಂದಾಗಿ ಯೋಳಿ ಸಾರ್. ಕೊರಕೊರ ಶುರುವಾಗಿ ಎಸ್ಟ್ ದಿವ್ಸ ಆಯ್ತು?”

“ಮೂರು ವಾರ.”

“ಸಂಜೆ ಹೊತ್ತು ಮೈ ಬಿಸಿ ಆಯ್ತದಾ?”

“ಮುಟ್ಟಕ್ಕಾಗಲ್ಲ ಕಣಮ್ಮ. ಅದ್ಕೇ ಒಳಗಡೆಗೆ ಒಂದು ಫ್ಯಾನ್ ಹಾಕ್ಸಿದೀನಿ.”

“ಒಳ… ಒಳಗಡೆಗಾ?” ಆಕೆ ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡಳು. “ಬಂದದ್ದು ಯಾರಿಂದ ಅಂತ ಏನಾರ ಗ್ಯಾನ ಅದಾ ಸಾರ್?”

“ಇಲ್ದೆ ಏನು! ಸಂಘದ ಕಾರ್ಯದರ್ಶಿ. ತಂದು ಚುಚ್ಚಿದ, ಬಂತು. ಅವ್ನು ಹೋದ್ ಹೋದ್ ಮನೇಲೆಲ್ಲ ಚುಚ್ಚೇ ಬತ್ತಾನೆ. ಇಷ್ಟು ಹೊತ್ತಿಗೆ ಸಂಘಕ್ಕೆಲ್ಲ ಹರಡಿರ್ತದೆ.”

ಅವರು ಹೇಳುತ್ತಿದ್ದುದು ಪೆನ್ ಡ್ರೈವಿನ ಮೂಲಕ ಬಂದ ವೈರಸ್ಸಿನ ವಿಷಯವೆಂದು ಆ ಹೆಣ್ಣುಮಗಳಿಗೆ ಹೇಗೆ ತಿಳಿಯಬೇಕು? ಆಕೆ ಕರ್ತವ್ಯನಿಷ್ಠೆ, ಚೀಲದಿಂದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದಳು.

“ಇದ್ರೊಳಕ್ಕೆ ಚೆನ್ನಾಗಿ ಕ್ಯಾಕರ್ಸಿ ಉಗುದು ಕೊಡಿ ಸಾರ್. ಆಮ್ಯಾಕೆ ಆರು ತಿಂಗ್ಳು, ಒಂದಿನಾನೂ ತಪ್ಪಂಗಿಲ್ಲ.”

ಮೃತ್ಯುಂಜಯಪ್ಪನವರ ಮುಖ ಕೆಂಪಾಯಿತು. ಫ್ರೀ ಎಂದು ಹೇಳಿ ಆರು ತಿಂಗಳ ಕಂತು! ಮೇಲಾಗಿ ಡಬ್ಬಿಗೆ ಉಗಿಯಬೇಕೆಂಬ ಷರತ್ತು! “ಪುಗಸಟ್ಟೆ ಸಿಗ್ತದೆ ಅಂತ ಉಗಿಯೋಕೆ ನಾನೇನು ಮಾನಗೆಟ್ಟೋನಾ? ದುಡ್ಡು ಕೊಟ್ಟೇ ತಗೋತೀನಿ, ನಡಿಯಮ್ಮಾ!” ಎಂದು ಗರ್ಜಿಸಿ ಬೀಗ ಜಡಿದರು. ಬೀಗದ ಕೈಯನ್ನು ಎಂದಿನಂತೆ ನೀಲಾವತಿಯ ಕೈಗೆ ಕೊಡಹೋದರೆ ಆಕೆ, “ಅಲ್ಲೇ ಕಟ್ಟೆ ಮ್ಯಾಲ್ ಮಡಗಿ ಅಣ್ಣ,” ಎಂದು ದೂರವೇ ನಿಂತಳು.

ಬಸ್ ನಿಲ್ದಾಣದಲ್ಲಿ ಅವರು ಕಾಲಿಟ್ಟೊಡನೆ ಜನ ಎರಡು ಸಾಲಾಗಿ ಸರಿದು ದಾರಿ ಬಿಟ್ಟರು. ಚಾಮರಾಜನಗರದ ಬಸ್ಸಿನ ಕಂಡಕ್ಟರ್ ರಂಗಸ್ವಾಮಿ ಕೈಮುಗಿದು ಹಿಂಬದಿಯ ಸೀಟಿನತ್ತ ತೋರಿಸಿದ. “ಕಿಟ್ಕಿ ತಗ್ದು ಕುಂತ್ಕಳಿ ಸಾರ್. ಆ ಸೀಟೆಲ್ಲಾ ನಿಮ್ಗೇಯ.” ಪಾಸು ತೋರಿಸಿದರೆ ಮುಟ್ಟದೆ ದೂರದಿಂದಲೇ ನಮಸ್ಕಾರ ಮಾಡಿದ. ತೆರಕಣಾಂಬಿಯಲ್ಲಿ ಬಸ್ಸು ಕಿಕ್ಕಿರಿದು ತುಂಬಿತು. ಬಾಗಿಲಲ್ಲಿ ಜನ ಬಾವಲಿಗಳಂತೆ ಜೋತರು. ಆದರೆ ಮೃತ್ಯುಂಜಯಪ್ಪನವರ ಪಕ್ಕದಲ್ಲಿ ಒಂದು ನರಪಿಳ್ಳೆಯೂ ಕೂರಲಿಲ್ಲ. ‘ಪ್ರಾಮಾಣಿಕ ಸೇವೆಗೆ ಜನ ಕೊಡುವ ಗೌರವವೆಂದರೆ ಇದು’ ಎಂದು ಅವರ ಎದೆ ಉಬ್ಬಿತು. ಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಸೇರಿಸಬೇಕೆಂದುಕೊಂಡರು.

ಇಲ್ಲಿ ನಾನು ಕೇಳಲೇಬೇಕು. ಆ ರೋಗವೇನು ಕಳ್ಳತನವೇ? ಔಷಧವಿರುವ, ನೆಟ್ಟಗೆ ನುಂಗಿದರೆ ವಾಸಿಯಾಗುವ ಕಾಯಿಲೆಗೆ ಹೆದರಿ ಮನುಷ್ಯನನ್ನು ಮೂರು ಸೀಟು ದೂರ ಇಡುವ ನಾವು ಯಾವ ಶಾಲೆಯಲ್ಲಿ ಕಲಿತವರು? ಇರಲಿ, ಬಸ್ಸು ಮುಂದೆ ಹೋಗುತ್ತಿದೆ.

ರಂಗಸ್ವಾಮಿಗೆ ಮನಸ್ಸು ತಡೆಯದೆ ಎರಡು ಸೀಟು ಮುಂದಿನಿಂದಲೇ ಸಮಾಧಾನ ಹೇಳಿದ. “ಯೋಚ್ನೆ ಮಾಡ್ಬ್ಯಾಡಿ ಸಾರ್. ನಮ್ಮ ಮಾವಂಗೂ ಟೀಬಿ ಇತ್ತು.”

“ಹೌದಾ? ಯಾವ ಕಂಪನಿದು?”

ರಂಗಸ್ವಾಮಿ ಸೀಟಿಯನ್ನು ಬಾಯಿಂದ ತೆಗೆದು ಬಹಳ ಹೊತ್ತು ಯೋಚಿಸಿದ. “ಬೀಡಿ ಕಂಪ್ನಿದು ಅಂತ ಕಾಣ್ತದೆ ಸಾರ್.”

“ಬಾಳಿಕೆ ಬಂತಾ?”

“ಓದೊರ್ಸ ತೀರ್ಕಂಡ್ರು ಸಾರ್.”

“ನೋಡಿದ್ಯಾ! ಅದ್ಕೇ ಕಂಪನಿ ನೋಡಿ ತಗೋಬೇಕು ಅನ್ನೋದು,” ಎಂದರು ಮೃತ್ಯುಂಜಯಪ್ಪನವರು.  ಟೀಬಿ ತಲೆಗೂ ಏರಿದೆಯೆಂದು ಬಸ್ಸಿನಲ್ಲಿದ್ದವರಿಗೆಲ್ಲ ಖಾತ್ರಿಯಾಯಿತು.

ಚಾಮರಾಜನಗರದ ಅಂಗಡಿಯಲ್ಲಿ ನಾಗೇಂದ್ರ ಎರಡು ಪೆಟ್ಟಿಗೆಗಳನ್ನು ಮುಂದಿಟ್ಟ. “ನೋಡಿ ಸಾರ್, ಇದು ತಿರುಗೋದು. ಬೆಲೆ ಕಮ್ಮಿ, ಜಾಸ್ತಿ ಹಿಡಿಸ್ತದೆ. ಸದ್ದು ಮಾಡ್ತದೆ, ಬಿದ್ರೆ ಹೋಯ್ತು. ಇದು ತಿರುಗ್ದೇ ಇರೋದು. ಬೇಗ ಕೆಲ್ಸ ಮಾಡ್ತದೆ, ಸದ್ದಿಲ್ಲ. ಆದ್ರೆ ಎಷ್ಟೋ ಸಲ ಹೋಗೋವಾಗ ಹೇಳ್ದೆ ಕೇಳ್ದೆ ಹೊರಟೋಗ್ತದೆ.”

“ಹೇಳಿ ಹೋಗೋದೇ ಮರ್ಯಾದೆ. ತಿರುಗೋದೇ ಕೊಡು. ಇದು ನಂಬಿಕಸ್ತ ತಾನೆ?”

“ಯಾವ್ದನ್ನೂ ಒಂದನ್ನೇ ನಂಬಬೇಡಿ ಸಾರ್. ಎರಡು ಕಡೆ ಇಡಿ ಅಂತ ನಿನ್ನೇನೇ…”

“ನಾಗೇಂದ್ರಾ! ಮರ್ಯಾದಸ್ತರ ಹತ್ರ ಆ ಮಾತು ಎತ್ತಬೇಡ!”

“ಆಯ್ತು ಬುಡಿ. ಸಂಜೆಗೆ ನಮ್ಮವರು ಬಂದು ಹಾಕ್ಕೊಡ್ತಾರೆ. ಅಲ್ಲೀತಂಕ ಹಳೇ ಡಬ್ಬನ ಅಲ್ಲಾಡಿಸ್ಬೇಡಿ, ನೀರು ಸೋಕಿಸ್ಬೇಡಿ. ಅದು ಈಗ ಹಸಿ ಬಾಣಂತಿ ಇದ್ದಂಗೆ.”

ಈ ಮಾತನ್ನು ಮಂತ್ರದಂತೆ ಜಪಿಸುತ್ತ, ಹೊಸ ಟೀಬಿಯನ್ನು ಎದೆಗವಚಿಕೊಂಡು, ಮೃತ್ಯುಂಜಯಪ್ಪನವರು ಮಧ್ಯಾಹ್ನದ ಬಸ್ಸಿಗೆ ಮರಳಿದರು.

ಮನೆಯ ಮುಂದೆ ಜನ ನೆರೆದಿತ್ತು. ಹಂಗಳದಿಂದ ಚಿಕ್ಕಮಲ್ಲಮ್ಮ ಕಣ್ಣೊರೆಸಿಕೊಳ್ಳುತ್ತ ಬಂದಿಳಿದಿದ್ದರು. ಉಮ್ಮತ್ತೂರಿನಿಂದ ಚಿಕ್ಕಬಸಮ್ಮ ವಿಭೂತಿ ಗಟ್ಟಿಯೊಂದಿಗೆ ಬಂದಿದ್ದರು. ರೋಗಿಯ ಕೋಣೆಗೆ ಗಾಳಿ ಬೆಳಕು ಬೇಕೆಂದು ಲಕ್ಷ್ಮಿದೇವಿ ಹೇಳಿದ್ದಳು, ಸರಿಯಾಗಿಯೇ ಹೇಳಿದ್ದಳು. ಆದರೆ ಸರಿಯಾದ ಮಾತನ್ನು ನಾಲ್ವರು ಸೇರಿ ಪಾಲಿಸಿದರೆ ಏನಾಗುತ್ತದೆಂಬುದು ಅಂಗಳದಲ್ಲಿ ಕಾಣುತ್ತಿತ್ತು. ಹಾಸಿಗೆ ಬಿಸಿಲಿಗೆ ಬಿದ್ದಿತ್ತು. ಪಂಚೆಗಳು ಕುದಿಯುವ ಹಂಡೆಯಲ್ಲಿದ್ದವು. ಅವೆರಡರ ನಡುವೆ, ಫಿನಾಯಿಲು ಹಾಕಿ ತೊಳೆದ ಕಂಪ್ಯೂಟರಿನ ಡಬ್ಬವು, ತೊಳೆದ ಪಾತ್ರೆಯಂತೆ ಮಗುಚಿಕೊಂಡು, ನೀರು ಸೋರಿಸುತ್ತ ಒಣಗುತ್ತಿತ್ತು. ಅದರ ಹಣೆಗೆ ಚಿಕ್ಕಬಸಮ್ಮನವರು ಅಡ್ಡಲಾಗಿ ಮೂರು ಬೆರಳು ವಿಭೂತಿ ಎಳೆದಿದ್ದರು.

“ಬಂದ್ಯಾ ನನ್ ತಮ್ಮಾ!” ಚಿಕ್ಕಬಸಮ್ಮ ಬಾಯಿ ಬಡಿದುಕೊಂಡರು. “ಸಾವ ಗೆದ್ದೋನ ಹೆಸ್ರ ಮಡಗಿದ್ರಲ್ಲೋ ನಮ್ಮಪ್ಪ! ನಿಂಗೇ ಇಂಗಾಗದಾ ಮುರ್ತುಂಜಾ!”

“ನಂಗೊಂದ್ ಮಾತು ಯೋಳ್ನಿಲ್ವಲ್ಲಾ ನೀವು!” ಚಿಕ್ಕಮಲ್ಲಮ್ಮ ಒಂದೇ ಉಸಿರಿಗೆ ಅತ್ತೂ ಬೈದೂ ಮುಗಿಸಿದರು. “ಆ ಡಬ್ಬದ್ ಮುಂದೆ ಕುಂತೂ ಕುಂತೂ ಎದೆ ಹಾಳು ಮಾಡ್ಕಂಡ್ರಿ. ಹುಳ ಅದ್ರೊಳ್ಗೇ ಅದೆ ಅಂತ ನಾನೇ ಉಜ್ಜಿ ತೊಳ್ದೆ.”

ಮೃತ್ಯುಂಜಯಪ್ಪನವರು ಬಾಯಿ ತೆರೆದರು. ಗುಂಡ್ಲುಪೇಟೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಆ ಬಾಯಿಂದ ದನಿ ಹೊರಡಲಿಲ್ಲ. ನೀರು ಜಿನುಗುತ್ತಿದ್ದ ಡಬ್ಬದ ಪಕ್ಕದಲ್ಲಿ ಕುಸಿದು ಕುಳಿತು, ಪಕ್ಕದವರಿಗಷ್ಟೇ ಕೇಳುವಂತೆ ಹೇಳಿದರು:

“ಮಲ್ಲಿ… ಅದ್ರೊಳಗೆ ನಾನಿದ್ದೆ.”

ಆಮೇಲೆ ಚೀಲದಿಂದ ಹೊಸ ಡಿಸ್ಕನ್ನು ತೆಗೆದು ತೋರಿಸಿದರು. ಟೀಬಿ ಎಂದರೇನು, ಕೊರಕೊರ ಎಂದದ್ದು ಯಾವುದು, ಮೂರು ವರ್ಷದ ಗ್ಯಾರಂಟಿ ಯಾವುದಕ್ಕೆ, ಎಲ್ಲವನ್ನೂ ಬಿಡಿಸಿ ಹೇಳಿದರು.  ಎಲ್ಲರ ಕಣ್ಣೂ ನೀಲಾವತಿಯ ಕಡೆ ತಿರುಗಿದವು. ನೀಲಾವತಿಯ ಕಣ್ಣು ಆಕಾಶದ ಕಡೆ ತಿರುಗಿತು.

ಕೊನೆಯ ಆಸೆಯೆಂದು ನಾಗೇಂದ್ರನಿಗೆ ಫೋನು ಹಚ್ಚಿದರು. “ಫಿನಾಯಿಲ್ ನೀರು ಕುಡಿದುಬುಡ್ತಾ? ಮೇಲಿಂದ ಬೇರೆ ಮಗುಚಿ ಹಾಕಿದ್ರಾ? ಹಂಗಾದ್ರೆ ಶಿವಪಾದ ಸೇರ್ತು ಅಂತ ತಿಳ್ಕೊಳ್ಳಿ ಸಾರ್,” ಎಂದು ಫೋನು ಸಾರಿತು. ‘ಶಿವಪಾದ’ ಎಂಬ ಪದವೊಂದೇ ಕಿವಿಗೆ ಬಿದ್ದ ಚಿಕ್ಕಬಸಮ್ಮನವರು ಮತ್ತೆ ಮೊದಲಿನಿಂದ ಅಳತೊಡಗಿದರು.

“ಸಾರ್,” ಎಂದಳು ಲಕ್ಷ್ಮಿದೇವಿ ಮೆಲ್ಲಗೆ, ತನ್ನ ಪ್ಲಾಸ್ಟಿಕ್ ಡಬ್ಬಿ ಮುಂದೆ ಹಿಡಿದು. “ಆದ್ರೂವೆ ನಿಮ್ಮೆಸ್ರು ಬರ್ಕಂಡ್ಬುಟ್ಟಿವ್ನಿ. ಒಂದ್ಸಲ ಉಗುದ್ಬುಡಿ.”

“ಯಾರ ಮುಖಕ್ಕಮ್ಮಾ?” ಎಂದು ಮೃತ್ಯುಂಜಯಪ್ಪನವರು ಗೋಡೆಯಾಚೆಯ ಮನೆಯತ್ತ ನೋಡಿದರು.

ನೀಲಾವತಿ ಸೆರಗು ಬಾಯಿಗಿಟ್ಟುಕೊಂಡು ಮುಂದೆ ಬಂದಳು. “ಬಯ್ಯಿ ಅಣ್ಣ, ತಿಂತೀನಿ. ಅಂದ್ರೆ… ಆ ಡಬ್ಬದೊಳಗಿದ್ದದ್ದು ದಿನಾ ಸಂಜೆ ಓದ್ತಿದ್ರಲ್ಲ, ಅದೇಯಾ? ‘ನಾನು ಜನಿಸಿದ ದಿನ ಮೇಘಗಳು ಗುಡುಗಿದವು, ಬಹುಶಃ ಅವು ನನ್ನ ಕಂಠಕ್ಕೆ ಸ್ವಾಗತ ಕೋರುತ್ತಿದ್ದವು’, ಅದಾ?”

ಮೃತ್ಯುಂಜಯಪ್ಪನವರು ತಲೆಯೆತ್ತಿದರು. ಅಕ್ಷರವೊಂದೂ ಆಚೀಚೆ ಆಗಿರಲಿಲ್ಲ.

“ಮುಂದೆ?” ಎಂದರು.

ನೀಲಾವತಿ ಮುಂದಕ್ಕೆ ಹೇಳಿದಳು. ಬಾಲ್ಯ ಹೇಳಿದಳು, ನೌಕರಿ ಹೇಳಿದಳು, ಮೈಕಿನ ಅಧ್ಯಾಯವನ್ನು ಅವರದೇ ಏರುದನಿಯಲ್ಲಿ ಹೇಳಿದಳು. ಅರ್ಧ ವಾಕ್ಯ ಕೇಳಿ ಮನುಷ್ಯನನ್ನೇ ಸಾಯಿಸಿದ ಆ ಹೆಂಗಸು ಪೂರ್ತಿ ವಾಕ್ಯಗಳನ್ನು ಕೇಳಿದಾಗ ಅಲ್ಪವಿರಾಮವನ್ನೂ ಬಿಟ್ಟಿರಲಿಲ್ಲ! ಆ ಸಂಜೆಯೇ ನಾಗೇಂದ್ರ ತಾನೇ ಬಂದು, ಬೇರೊಂದು ಡಬ್ಬವನ್ನು ಎರವಲಾಗಿ ತಂದು, ಅದರೊಳಗೆ ಹೊಸ ಡಿಸ್ಕನ್ನು ಕೂರಿಸಿದ. ಭಾನುವಾರದವರೆಗೂ ನೀಲಾವತಿ ಗೋಡೆಯ ಈಚೆ, ಕುರ್ಚಿಯ ಮೇಲೆ, ಮರ್ಯಾದೆಯಿಂದ ಕುಳಿತು ಹೇಳಿದಳು, ಮೃತ್ಯುಂಜಯಪ್ಪನವರು ಕುಟ್ಟಿದರು.

ಒಂದೇ ಕಡೆ ತಡೆಯುಂಟಾಯಿತು.

“‘ಹಂಗಳದಾಚೆ ಬಸ್ಸಿಗೆ ಅಡ್ಡ ನಿಂತ ಸಲಗವು ನನ್ನ ಒಂದೇ ಕೂಗಿಗೆ ಕಾಡಿಗೆ ಮರಳಿತು’,” ಎಂದಳು ನೀಲಾವತಿ. ಬಳಿಕ ಉಸಿರೆಳೆದುಕೊಂಡು ಚಿಕ್ಕಮಲ್ಲಮ್ಮನವರ ದನಿಯಲ್ಲಿ ಮುಂದುವರಿಸಿದಳು: “‘ಕೂಗಿದ್ದೇನೋ ದಿಟ, ಸೀಟ್ ಕೆಳ್ಗಿಂದ ಕೂಗಿದ್ರಿ. ಆನೆ ಅದರ್ ಪಾಡ್ಗೆ ಅದು ಓಯ್ತು. ನಾನೂ ಅದೇ ಬಸ್ನಲ್ಲಿದ್ದೆ.’”

“ಅದು ಪುಸ್ತಕದಲ್ಲಿಲ್ಲ!”

“ಗ್ವಾಡೇಲಿತ್ತು ಅಣ್ಣ. ಎರಡೂ ಒಟ್ಗೇ ಬತ್ತವೆ ನಂಗೆ, ಬಿಡಿಸಕ್ಕಾಗಕ್ಕಿಲ್ಲ. ಯಾವ್ದ ಬರ್ಕತೀರಿ?”

ಮೃತ್ಯುಂಜಯಪ್ಪನವರು ಕೀಲಿಗಳ ಮೇಲೆ ಬೆರಳಿಟ್ಟು ಕುಳಿತರು. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಕೊನೆಗೆ ಅವರ ತೋರುಬೆರಳು ಒಂದೊಂದೇ ಅಕ್ಷರವನ್ನು ಹೆಕ್ಕಿತು: ಸೀ-ಟಿ-ನ ಕೆ-ಳ-ಗಿ-ನಿಂ-ದ. ಅಡುಗೆಮನೆಯಲ್ಲಿ ಮತ್ತೆ ಅವರೆಕಾಯಿ ಸದ್ದು ಶುರುವಾಯಿತು.

ವಾರ್ಷಿಕೋತ್ಸವದಲ್ಲಿ ಪುಸ್ತಕ ಬಿಡುಗಡೆಯಾಯಿತು. ಅಧ್ಯಕ್ಷರು ಓದಿದ ಪುಟಗಳಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಆ ಸೀಟಿನ ಕೆಳಗಿನ ಕೂಗಿಗೇ. ರಂಗಸ್ವಾಮಿಯಂತೂ ಬಸ್ಸನ್ನು ನಿಲ್ಲಿಸಿ ಬಂದು ಅವರ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ಕುಳಿತ. ಸಭೆ ಮುಗಿದ ಮೇಲೆ ಮೃತ್ಯುಂಜಯಪ್ಪನವರು ನಾಗೇಂದ್ರನನ್ನು ಮೂಲೆಗೆ ಕರೆದು, ಜನ್ಮದಲ್ಲಿ ಎರಡನೆಯ ಸಲ ದನಿ ತಗ್ಗಿಸಿ, “ಇನ್ನೊಂದು ಟೀಬಿ ಕೊಡಪ್ಪ. ಎರಡಿಟ್ಕೊಳ್ಳೋಣ ಅಂತ ಇದೀನಿ,” ಎಂದರು. ದೂರದಲ್ಲಿ ನಿಂತಿದ್ದ ನೀಲಾವತಿಯ ಕಿವಿ ನಿಮಿರಿತು.

ಆದರೆ ಈ ಸಲ ಆಕೆ ಬೀದಿಗೆ ಓಡಲಿಲ್ಲ. ನೇರವಾಗಿ ಹತ್ತಿರ ಬಂದು, “ಏನಣ್ಣ ಅದು, ಎರಡು?” ಎಂದು ಕೇಳಿದಳು.

ಆದ್ದರಿಂದ ಸನ್ಮಾನ್ಯ ಓದುಗರೇ, ಪುಟ ಮುಚ್ಚಿ ಎದ್ದೇಳಿ. ತಮ್ಮ ಕಂಪ್ಯೂಟರಿನಲ್ಲಿರುವುದಕ್ಕೆ ಇಂದೇ, ಈಗಲೇ, ಇನ್ನೊಂದು ಕಡೆ ಪ್ರತಿ ಮಾಡಿಡಿ. ಅದು ಮುಗಿದ ಮೇಲೆ, ತಮ್ಮ ಗೋಡೆಯಾಚೆಯಿಂದ ಕೇಳಿಸಿಕೊಂಡ ಅರ್ಧ ಮಾತೊಂದು ತಮ್ಮಲ್ಲಿದ್ದೇ ಇದೆ. ಅದನ್ನು ಕೊಳಾಯಿಯ ಕಡೆಗೆ ಒಯ್ಯದೆ, ಆ ಮನೆಯ ಬಾಗಿಲನ್ನು ತಟ್ಟಿ, ಉಳಿದರ್ಧವನ್ನು ಕೇಳಿಕೊಂಡು ಬನ್ನಿ.